ಚುಚ್ಚದ ಅಡ್ಡಿಕೆ

ನಮ್ಮಣ್ಣ ಅಶ್ವತ್ಥ್ ತಟ್ಟೆಯ ಮುಂದೆ ಕೂತು ಕೂಗಿದರೆ, ಏರ್‌ಪೋರ್ಟಿನಲ್ಲಿ ಇಳಿಯಬೇಕಾದ ವಿಮಾನ ಇನ್ನೊಂದು ಸುತ್ತು ಹಾಕಿಕೊಂಡು ಬರುತ್ತದೆ. ಅನುಮಾನವಿದ್ದರೆ ಚಿಕ್ಕಜಾಲಕ್ಕೆ ಬಂದು ಯಾರನ್ನು ಬೇಕಾದರೂ ಕೇಳಿ. ಆಷಾಢ ಹಿಡಿದ ಹೊಸದರಲ್ಲಿ ಒಂದು ಬೆಳಿಗ್ಗೆ ಅವನು ಕೂಗಿದ ಕೂಗಿಗಂತೂ ಅರ್ಧ ವಿಮಾನಗಳು ಬಂದ ಊರಿಗೇ ವಾಪಸ್ ಹೋದವು. ಕಾರಣ ಅವನ ಒಬ್ಬಳೇ ಮಗಳು ನಯನಾ. ಹೆಬ್ಬಾಳದ ಬ್ಯಾಂಕಿನ ಕೆಲಸ ಬಿಟ್ಟಿದ್ದೇನೆ, ಇನ್ನು ಮೇಲೆ ಒಡವೆ ಮಾಡುತ್ತೇನೆ ಎಂದು ಅವಳು ಇಡ್ಲಿ ಮುರಿಯುತ್ತ, ಇನ್ನೊಂದು ಚಮಚ ಚಟ್ನಿ ಹಾಕಿ ಎನ್ನುವಷ್ಟೇ ಸಲೀಸಾಗಿ ಹೇಳಿದ್ದಳು.

"ಒಡವೆ ಮಾಡಿಸ್ಕೋತೀನಿ ಅನ್ನು," ಎಂದ ಅಣ್ಣ. "ಮದುವೆಗೆ ತಾನೆ? ಮಾಡ್ಸೋಣ ಬಿಡು."

"ಮಾಡಿಸ್ಕೊಳ್ಳೋದಲ್ಲಪ್ಪ, ಮಾಡೋದು. ನಾನೇ, ನನ್ನ ಕೈಯಲ್ಲಿ."

"ನಮ್ಮನೇಲಿ ಒಡವೆ ಹಾಕ್ಕೋತಾರೆ. ಮಾಡಲ್ಲ."

"ಇನ್ಮೇಲೆ ಎರಡೂ ಮಾಡ್ತಾರೆ. ಕೆಳಗಡೆ ಮೂಲೆ ಮಳಿಗೆ ಖಾಲಿ ಇದೆಯಲ್ಲ, ಅದನ್ನ ನನಗೆ ಕೊಡು."

ಕೂಗು ಬಂದದ್ದು ಆಗ. ಆ ಮೂಲೆ ಮಳಿಗೆ ಎಂದರೆ ಅಣ್ಣನಿಗೆ ಎರಡನೆಯ ಮಗಳಿದ್ದ ಹಾಗೆ. ಮನೆಯ ಕೆಳಗೆ, ಸರ್ವಿಸ್ ರೋಡಿಗೆ ಮುಖ ಮಾಡಿಕೊಂಡು, ಭೂಮಂಡಲದಲ್ಲಿ ಅಂಥ ಇನ್ನೊಂದು ಮಳಿಗೆ ಇಲ್ಲ. ಊರೂರಿಗೆ ಅಂಗಡಿ ಇಟ್ಟಿರುವ ಒಂದು ಟೀ ಕಂಪನಿಯವರು ಬಂದು ಬೋರ್ಡಿಗೆ ಅಳತೆ ತೆಗೆದುಕೊಂಡು ಹೋಗಿದ್ದರು. ಆಷಾಢದಲ್ಲಿ ಯಾರೂ ಅಂಗಡಿಯ ಮಾತೆತ್ತುವುದಿಲ್ಲವಾದ್ದರಿಂದ, ಗೌರಿ ಹಬ್ಬ ಕಳೆದ ಮೇಲೆ ಕಾಗದಪತ್ರ ಎಂದು ಮಾತಾಗಿತ್ತು.

"ಇವಳ ತಲೆ ಕೆಡಿಸಿದ್ದು ಯಾರು? ಈಗ ಹೇಳ್ಬೇಕು," ಎಂದು ಅಣ್ಣ ಎಲ್ಲರನ್ನೂ ನೋಡಿದ.

ಬೇರೆ ಮನೆಯಾಗಿದ್ದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು. ನಮ್ಮ ಮನೆಯಲ್ಲಿ ಪೈಪೋಟಿಗೆ ಬಿದ್ದರು.

"ನಾನೇ," ಎಂದಳು ನಮ್ಮವ್ವ ಸೊಣ್ಣಮ್ಮ, ಎಲೆಅಡಿಕೆ ಮಡಚುತ್ತ. "ಮೊಮ್ಮಗಳಿಗೆ ಕುಂಬಳಬೀಜದಲ್ಲಿ ಸರ ಮಾಡೋದು ಕಲ್ಸಿದ್ದು ನಾನು."

"ಬೀಜ ಯಾರ್ ಬೇಕಾದ್ರೂ ಪೋಣುಸ್ತಾರೆ," ಎಂದ ನಮ್ಮಪ್ಪ ಚಿಕ್ಕಹನುಮಯ್ಯ. "ತಂತಿ ಕೈಗೆ ಕೊಟ್ಟೋನು ನಾನು."

"ಸೀರೆ ಕುಚ್ಚಿಗೆ ಮಣಿ ಹಾಕೋದು ನಾನಲ್ವಾ ಹೇಳ್ಕೊಟ್ಟಿದ್ದು?" ಎಂದು ಅಡುಗೆಮನೆಯಿಂದ ಅತ್ತಿಗೆ ಶಾಂತಲಾ ಅವರ ದನಿ ಬಂತು.

ನಿಜ ಏನೆಂದರೆ ಎಲ್ಲಕ್ಕೂ ಮೂಲಪುರುಷ ನಾನು, ಅವಳ ಚಿಕ್ಕಪ್ಪ ಗಿರಿ. ಆದರೆ ನಮ್ಮ ನೀರಿನ ಟ್ಯಾಂಕರುಗಳನ್ನು ಓಡಿಸಿಕೊಂಡು, ಮದುವೆಯಾಗದೆ, ಅಣ್ಣನ ಮನೆಯ ಮುದ್ದೆ ತಿನ್ನುವವನು ಆ ಹೊತ್ತಿನಲ್ಲಿ ಬಾಯಿ ಬಿಡುವುದು ಬುದ್ಧಿವಂತಿಕೆಯಲ್ಲ.

ಈಗ ಲೇಔಟ್ ಆಗಿರುವ ಜಾಗದಲ್ಲಿ ಆಗ ನಮ್ಮ ದ್ರಾಕ್ಷಿ ತೋಟವಿತ್ತು. ಒಂದೊಂದು ದ್ರಾಕ್ಷಿ ನಿಂಬೆಹಣ್ಣಿನಷ್ಟು. ಎರಡು ತಿಂದರೆ ಮಧ್ಯಾಹ್ನದ ಊಟ ಬೇಡ. ನಯನಾ ಅಲ್ಲಿ ಬೆಳೆದಳು. ಅಂಗಡಿಯ ಆಟಿಕೆ ಮನೆಗೆ ಬರಕೂಡದು ಎಂದು ನಮ್ಮಪ್ಪನ ಕಟ್ಟಪ್ಪಣೆ. ಆಡಬೇಕಾ, ಮಾಡಿಕೊಂಡು ಆಡು. ಕರೆಂಟು ಹೋದರೆ ಇಡೀ ಮನೆ ನಡುಮನೆಯಲ್ಲಿ ಸೇರುತ್ತಿತ್ತು. ಕೈಗೆ ಸಿಕ್ಕಿದ್ದರಲ್ಲಿ ಏನಾದರೂ ಮಾಡಬೇಕು, ಕರೆಂಟು ಬಂದ ಕೂಡಲೇ ಯಾರದು ಚೆನ್ನಾಗಿದೆ ಎಂದು ತೀರ್ಮಾನ. ನಾನು ತೆಂಗಿನಗರಿಯಲ್ಲಿ ಮಾಡಿದ ಹಾವನ್ನು ನೋಡಿ ಮುಂಗುಸಿಗಳು ಬಂದಿದ್ದವು. ಆದರೂ ಗೆಲ್ಲುತ್ತಿದ್ದವಳು ನಯನಾ. ಅವರೆಕಾಳಿನ ಮೂಗುಬೊಟ್ಟು, ಸೌತೆಬೀಜದ ಜುಮುಕಿ, ಹೊಲದ ಬೆದರುಬೊಂಬೆಗೆ ಹಳೆಯ ತಂತಿಯಲ್ಲಿ ಕಿರೀಟ. ಆ ಕಿರೀಟ ಇಟ್ಟ ಮೇಲೆ ಹಕ್ಕಿಗಳು ಹೆದರುವುದು ಬಿಟ್ಟು ಸಾಲಾಗಿ ದರ್ಶನಕ್ಕೆ ಬರತೊಡಗಿದವು.

ನಮ್ಮಪ್ಪ ಅವಳಿಗೆ ಕಲಿಸಿದ್ದು ಒಂದೇ ಒಂದು ಗಂಟು. ಕಲ್ಲುಕಂಬಗಳಿಗೆ ತಂತಿ ಎಳೆದು ದ್ರಾಕ್ಷಿ ಬಳ್ಳಿ ಹಬ್ಬಿಸುತ್ತಾರಲ್ಲ, ಆ ತಂತಿ ಬಿಗಿಯುವ ಗಂಟು. ಬೇರೆ ತೋಟಗಳಲ್ಲಿ ತಂತಿಯ ತುದಿ ಹೊರಗೆ ಚಾಚಿಕೊಂಡಿರುತ್ತಿತ್ತು. ಚಿಗುರು ಕೊಯ್ಯುತ್ತಿತ್ತು, ಗೊಂಚಲು ಬಿಡಿಸುವ ಹೆಣ್ಣಾಳುಗಳ ಕೈ ಗೀರುತ್ತಿತ್ತು. ನಮ್ಮಪ್ಪ ಮಾತ್ರ ತುದಿಯನ್ನು ಮಡಚಿ, ಸುತ್ತಿದ ಸುತ್ತಿನ ಹೊಟ್ಟೆಯೊಳಗೇ ತೂರಿಸಿ ಬಚ್ಚಿಡುತ್ತಿದ್ದ. "ಕಬ್ಣ ಕಚ್ಬಾರ್ದು ಮಗ, ಇಡ್ಕೋಬೇಕು ಅಷ್ಟೆ," ಎನ್ನುತ್ತಿದ್ದ. ಆ ಗಂಟು ಅವಳಿಗೆ ಅಕ್ಷರಕ್ಕಿಂತ ಮೊದಲು ಬಂತು.

ಇನ್ನು ಇದೇ ಅಶ್ವತ್ಥಣ್ಣ, ಮಗಳು ಮಾಡಿದ ಬೀಜದ ಸರವನ್ನು ಶರ್ಟಿನ ಮೇಲೆ ಹಾಕಿಕೊಂಡು ಯಲಹಂಕ ಸಂತೆಯ ತನಕ ಹೋಗಿ ಬಂದವನು. ಅವ್ವ ಅದನ್ನು ಈಗ ನೆನಪಿಸಿದಳು.

"ಆವಾಗ ಕುಣಿದಾಡ್ದೆ. ಈವಾಗ್ಯಾಕೆ ಕೂಗ್ತೀಯ?"

"ಆಟ ಬೇರೆ, ಬದುಕು ಬೇರೆ ಕಣವ್ವ. ಏನ್ ಕಲಿತವ್ಳೆ ಅಂತ ಕೊಡ್ಲಿ?"

"ಎರಡು ವರ್ಷದಿಂದ ಭಾನುವಾರ ಭಾನುವಾರ ಯಲಹಂಕದಲ್ಲಿ ಕೃಷ್ಣಯ್ಯನವರ ಅಂಗಡೀಲಿ ಕಲೀತಿದೀನಿ," ಎಂದಳು ನಯನಾ. "ನೀವೆಲ್ಲ ಸಿನಿಮಾಗೆ ಹೋಗ್ತಾಳೆ ಅಂದ್ಕೊಂಡಿದ್ರಿ."

ಅಣ್ಣ ತಟ್ಟೆ ಸರಿಸಿದ. ಅವನ ಬಳಿ ಒಂದು ಗುಣವಿದೆ: ಕೂಗು ಮುಗಿದ ಮೇಲೆ ವ್ಯಾಪಾರಕ್ಕೆ ಬರುತ್ತಾನೆ.

"ಸರಿ. ಅವ್ವನ ಅಡ್ಡಿಕೆ ಐತಲ್ಲ? ಅದರ ಪಕ್ಕದಲ್ಲಿ ಇಟ್ರೆ ತಲೆ ತಗ್ಗಿಸಬಾರ್ದು, ಅಂಥದ್ದೊಂದು ಮಾಡ್ ತೋರ್ಸು. ಬೆಳ್ಳೀಲೇ ಮಾಡು, ಮೇಲೆ ಚಿನ್ನದ ನೀರು ಕೊಡ್ಸು, ಪರವಾಗಿಲ್ಲ. ವರಮಹಾಲಕ್ಷ್ಮಿ ಹಬ್ಬದೊಳಗೆ. ಮಾಡಿದ್ರೆ ಮಳಿಗೆ ನಿಂದು. ಇಲ್ಲ ಅಂದ್ರೆ ನನ್ನ ಆಫೀಸಿಗೆ ಬಂದು ಕೂತ್ಕೋ. ಬಾಯಿ ಬಿಡಂಗಿಲ್ಲ."

"ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳೋರು ಯಾರು?"

"ನಾನೇ. ಈ ಏರ್‌ಪೋರ್ಟ್ ರೋಡಲ್ಲಿ ಚಿನ್ನದ ವಿಷಯದಲ್ಲಿ ನನ್ನ ಕಣ್ಣಿಗಿಂತ ದೊಡ್ಡ ಕಣ್ಣು ಯಾರದೈತೆ?"

"ಆಗ್ಲಿ," ಎಂದಳು ನಯನಾ. ಇನ್ನೊಂದು ಇಡ್ಲಿ ಹಾಕಿಸಿಕೊಂಡಳು.

ಅವ್ವನ ಅಡ್ಡಿಕೆಯ ಬಗ್ಗೆ ಹೇಳಬೇಕು. ಕತ್ತಿಗೆ ಅಂಟಿಕೊಂಡು ಕೂರುವ ಕೆಂಪುಕಲ್ಲಿನ ಸರ ಅದು, ನಡುವೆ ಒಂದು ಪದಕ. ಅವ್ವನಿಗೆ ಅವಳ ಅತ್ತೆ ಮದುವೆಯ ದಿನ ಹಾಕಿದ್ದು. ಅದರ ಕೆಂಪಿನ ಬೆಳಕಿನಲ್ಲಿ ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಓದಿದ್ದೇನೆ. ಫೇಲಾದದ್ದು ಬೇರೆ ವಿಷಯ. ಅದಕ್ಕೆ ಒಂದೇ ದೋಷ. ಹಿಂದಿನ ಕೊಕ್ಕೆ ಕತ್ತಿಗೆ ಚುಚ್ಚುತ್ತದೆ. ಅವ್ವ ಅದನ್ನು ಹಾಕಿಕೊಂಡ ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲೆಲ್ಲ ಸೆರಗಿನೊಳಗೆ ಕೈ ತೂರಿಸಿ ಕತ್ತು ಕೆರೆದುಕೊಂಡೇ ಕಳೆದಿದ್ದಾಳೆ. ಅಲ್ಲೊಂದು ಕಪ್ಪು ಕಲೆಯೇ ನಿಂತಿದೆ. ಕೊಕ್ಕೆ ಬದಲಿಸೋಣ ಎಂದರೆ, "ನಮ್ಮತ್ತೆ ಕೊಟ್ಟಿದ್ದು ಅಂಗೇ ಇರ್ಲಿ, ಮುಟ್ಬ್ಯಾಡ್ರಿ," ಎನ್ನುತ್ತಾಳೆ.

ಅಣ್ಣ ಒಂದು ದಿನ ಲಾಕರಿನಿಂದ ಅದನ್ನು ತಂದು ನಯನಾಳ ಮುಂದಿಟ್ಟ. "ನೋಡ್ಕೊಂಡೇ ಮಾಡು. ನೋಡ್ಕೊಂಡು ಮಾಡಿದ್ರೂ ಬರಲ್ಲ." ಅವಳು ಅಳತೆ ತೆಗೆದು ಚಿತ್ರ ಬರೆದುಕೊಳ್ಳುವಷ್ಟು ಹೊತ್ತೂ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ಕೂಡ ಒಳಗೆ ಬಿಡಲಿಲ್ಲ. ನೀರು ಕುಡಿಯಲು ಎದ್ದಾಗ ಅಡ್ಡಿಕೆಯನ್ನು ಜೇಬಿಗೆ ಹಾಕಿಕೊಂಡೇ ಎದ್ದ.

ಆಷಾಢವಿಡೀ ತಾರಸಿಯ ಪಂಪ್ ರೂಮು ಅವಳ ಕಾರ್ಖಾನೆಯಾಯಿತು. ಅಲ್ಲಿಂದ ಬರುವ ಸುತ್ತಿಗೆ ಸದ್ದಿಗೆ ಬಾಗಲೂರಿನ ತನಕ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಮನೆಯಲ್ಲಿ ಒಂದೊಂದೇ ಸಾಮಾನು ಕಾಣೆಯಾಗತೊಡಗಿತು.

"ನನ್ನ ಇಕ್ಕಳ ಎಲ್ಲೇ?" ಎಂದು ಅತ್ತಿಗೆ ಕೆಳಗಿನಿಂದ ಕೂಗುವರು.

"ಕೆಲಸದಲ್ಲಿದೆ ಅಮ್ಮ."

"ಹಾಲು ಉಕ್ತಾ ಇದೆ, ಬಟ್ಟೇಲಿ ಹಿಡ್ಕೊಂಡು ಇಳಿಸ್ಲಾ?"

"ಚಿಕ್ಕಪ್ಪನ್ನ ಕರೀರಿ. ಅವರ ಕೈ ಸುಡಲ್ಲವಂತಲ್ಲ."

ಕೆಂಡ ಹಿಡಿದು ನಡೆದಿದ್ದೇನೆ ಎಂದು ನಾನು ಅವಳಿಗೆ ಚಿಕ್ಕವಳಿದ್ದಾಗ ಹೇಳಿದ್ದೆ. ಮಕ್ಕಳ ಮುಂದೆ ನೋಡಿಕೊಂಡು ಮಾತಾಡಬೇಕು. ಆ ದಿನ ಹಾಲಿನ ಪಾತ್ರೆ ನಾನೇ ಇಳಿಸಿದೆ; ಎರಡು ದಿನ ಎಡಗೈಯಲ್ಲಿ ಟ್ಯಾಂಕರ್ ಓಡಿಸಿದೆ.

ಹಳೆಯ ಅಡ್ಡಿಕೆಯ ಚಿನ್ನ ತಗಡಿನಷ್ಟು ತೆಳು, ಒಳಗೆಲ್ಲ ಅರಗು ತುಂಬಿರುತ್ತದೆ. ನಯನಾ ಚಿನ್ನದ ನೀರು ಕೊಡಿಸಿದ ಬೆಳ್ಳಿಯ ತಗಡಿಗೂ ಹಾಗೆಯೇ ಅರಗು ತುಂಬಿದಳು. ಮನೆಯಲ್ಲಿ ಬೇಳೆ ಬೇಯುವ ವಾಸನೆಯೂ ಅರಗಿನ ವಾಸನೆಯೂ ಒಂದಾಗಿ, ಬಸ್ಸಾರು ಉಂಡರೆ ಹಲ್ಲು ಅಂಟಿಕೊಳ್ಳುತ್ತದೇನೋ ಎನ್ನಿಸುತ್ತಿತ್ತು. ಕಲ್ಲು ಕೂರಿಸುವುದು ಕಷ್ಟವಾದಾಗ ಅವ್ವ ಮೆಟ್ಟಿಲೇರಿ ಹೋಗಿ ಪಕ್ಕದಲ್ಲಿ ಕೂರುತ್ತಿದ್ದಳು.

"ಕುಂಬಳಬೀಜ ಎಂಗೆ ಕೂರಿಸ್ತಿದ್ದೆ? ಬೀಜಕ್ಕೆ ಯಾವ ಕಡೆ ಒರಗ್ಬೇಕು ಅನ್ಸುತ್ತೋ ಆ ಕಡೆ ಬಿಡು."

"ಅಜ್ಜಿ, ಅದು ಬೀಜ. ಇದು ಕಲ್ಲು."

"ಕೈ ಅದೇ ತಾನೆ?"

ಕೊನೆಯಲ್ಲಿ ಹಿಂದಿನ ಕೊಕ್ಕೆ ಉಳಿಯಿತು. ನಯನಾ ಅದೊಂದನ್ನು ಮಾತ್ರ ನಕಲು ಮಾಡಲಿಲ್ಲ. ನಮ್ಮಪ್ಪನ ಗಂಟನ್ನು ಕೂದಲಿನಷ್ಟು ಸಣ್ಣಗೆ ಮಾಡಿ, ತುದಿಯನ್ನು ಒಳಗೆ ತೂರಿಸಿ ಬಚ್ಚಿಟ್ಟಳು. ಒಂದು ಕಡೆ ಕುಣಿಕೆ, ಇನ್ನೊಂದು ಕಡೆ ಗಂಟು, ತೂರಿಸಿದರೆ ಕೂತುಬಿಡುತ್ತದೆ.

ವರಮಹಾಲಕ್ಷ್ಮಿಯ ಶುಕ್ರವಾರ ಬಂತು. ನಮ್ಮ ಮನೆಯ ಲಕ್ಷ್ಮಿಗೆ ಮನೆಯ ಹೆಂಗಸರ ಒಡವೆಯನ್ನೆಲ್ಲ ಹಾಕುವುದು ರೂಢಿ. ಅಂದು ಲಾಕರು ಖಾಲಿ, ಅಮ್ಮನವರು ಭರ್ತಿ. ಕಾಸಿನ ಸರ, ಡಾಬು, ವಂಕಿ, ಹಿಂದುಗಡೆ ಅತ್ತಿಗೆ ಯಲಹಂಕದಲ್ಲಿ ಕೊಂಡು ತಂದ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲುಗಳ ಚಪ್ಪರ. ಅವ್ವ ತನ್ನ ಅಡ್ಡಿಕೆಯನ್ನು ಕೆಳಗೆ ಹಾಕಿ, ಮೊಮ್ಮಗಳದ್ದನ್ನು ಮೇಲೆ ಹಾಕಿದಳು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಎರಡನ್ನೂ ಕಣ್ಣು ತುಂಬ ನೋಡಿಕೊಂಡು ಹೋದರು. ಅಣ್ಣನಿಗೆ ಮಾತ್ರ ಆ ದಿನವೇ ತಾನು ಕಟ್ಟಿಸುತ್ತಿದ್ದ ಕಟ್ಟಡದ ತಾರಸಿಗೆ ಮೋಲ್ಡು ಹಾಕುವ ಕೆಲಸ. ರಾತ್ರಿ ಬಂದು, ದೂರದಿಂದಲೇ ಕೈಮುಗಿದು ಮಲಗಿದ.

ಮರುದಿನ ಬೆಳಿಗ್ಗೆ ನಡೆದದ್ದನ್ನು ನೆನಪಿಟ್ಟುಕೊಳ್ಳಿ. ನಯನಾ ಕೃಷ್ಣಯ್ಯನವರಿಗೆ ಒಬ್ಬಟ್ಟು ಕೊಡಲು ಯಲಹಂಕಕ್ಕೆ ಹೋಗಿದ್ದಳು. ಅತ್ತಿಗೆ ಅಲಂಕಾರ ಬಿಚ್ಚಿ, ಲಾಕರಿಗೆ ಹೋಗುವ ಚಿನ್ನವನ್ನು ಬೆಳ್ಳಿ ತಟ್ಟೆಯಲ್ಲಿಟ್ಟರು. ಪ್ಲಾಸ್ಟಿಕ್ ದ್ರಾಕ್ಷಿ, ಜರಿಹಾರ ಎಲ್ಲವನ್ನೂ ಸ್ಟೀಲ್ ಡಬ್ಬದಲ್ಲಿಟ್ಟು, ಅದರ ಮೇಲೆ ನಯನಾಳ ಅಡ್ಡಿಕೆಯನ್ನಿಟ್ಟು, ಕಾಫಿಗೆ ಹಾಲಿಡಲು ಒಳಗೆ ಹೋದರು. ಬ್ಯಾಂಕಿಗೆ ಹೊರಟ ಅಣ್ಣ ಬಂದ. ತಟ್ಟೆ ನೋಡಿದ, ಡಬ್ಬ ನೋಡಿದ, ಹಣೆ ಚಚ್ಚಿಕೊಂಡ.

"ನೋಡೋ ಗಿರಿ, ನಿಮ್ಮತ್ತಿಗೆ ಕಥೆ. ಅವ್ವನ ಅಡ್ಡಿಕೇನ ಪ್ಲಾಸ್ಟಿಕ್ ಜೊತೆ ತುರುಕವ್ಳೆ. ಹುಡುಗಿ ಮಾಡಿದ್ದನ್ನ ತಟ್ಟೇಲಿ ಇಟ್ಟವ್ಳೆ. ನಾನಿಲ್ದಿದ್ರೆ ಈ ಮನೆ ಗತಿ ಏನು?"

ಡಬ್ಬದಲ್ಲಿದ್ದದ್ದನ್ನು ಎತ್ತಿ ಅಂಗೈಯಲ್ಲಿ ತೂಗಿದ, ಕಿಟಕಿಯ ಬೆಳಕಿಗೆ ಹಿಡಿದ, ತೃಪ್ತಿಯಾಗಿ ತಟ್ಟೆಗೆ ಹಾಕಿದ. ತಟ್ಟೆಯಲ್ಲಿದ್ದದ್ದನ್ನು ಎರಡು ಬೆರಳಲ್ಲಿ ಹಿಡಿದು ಡಬ್ಬಕ್ಕೆ ಹಾಕಿ ಮುಚ್ಚಳ ಅದುಮಿದ. "ಅಲ್ವೇನೋ?" ಎಂದ. ನಾನು "ಹೂಂ" ಎಂದೆ. ಬಾಯಿ ತುಂಬ ಒಬ್ಬಟ್ಟು ಇರುವಾಗ ನಾನು ಯಾವುದಕ್ಕೂ ಸಾಕ್ಷಿಯಲ್ಲ.

ತಟ್ಟೆಯದ್ದು ಲಾಕರಿಗೆ ಹೋಯಿತು. ಡಬ್ಬ ಅಟ್ಟಕ್ಕೆ ಹೋಯಿತು.

ಮಧ್ಯಾಹ್ನ ಒಬ್ಬಟ್ಟಿನ ಸಾರು ಬಡಿಸುವಾಗ ನಯನಾ ಕೇಳಿದಳು. "ನೋಡಿದ್ಯಾಪ್ಪ?"

"ನೋಡ್ದೆ." ಅಣ್ಣ ಅನ್ನ ಕಲಸಿದ. "ಎರಡೂ ಪಕ್ಕಪಕ್ಕ ಇಟ್ಟೇ ನೋಡ್ದೆ. ಕಲ್ಲು ಓರೆ. ಬಣ್ಣ ಮಂಕು. ಅವ್ವಂದು ನೋಡ್ಬೇಕು, ದೀಪ ಹಚ್ಚಿದಂಗೈತೆ. ನಿನ್ ಕೈ ಇನ್ನೂ ಪಳಗಿಲ್ಲ ಕಣಮ್ಮ."

"ನನ್ ಕಣ್ಣಿಗೆ ಚೆಂದಾಗೇ ಇತ್ತಲ್ಲ," ಎಂದಳು ಅವ್ವ.

"ನಿನ್ ಕಣ್ಣಿಗೆ ಪೊರೆ ಬಂದೈತವ್ವ. ಚೌತಿ ಕಳೀಲಿ, ಆಪರೇಷನ್ ಮಾಡಿಸ್ತೀನಿ."

ನಯನಾ ಒಂದು ತುತ್ತು ಉಂಡಳು. ಇನ್ನೊಂದು ಉಂಡಳು. "ಸರಿ," ಎಂದಳು. "ಮಾತು ಮಾತೇ. ಸೋಮವಾರದಿಂದ ಆಫೀಸಿಗೆ ಬರ್ತೀನಿ."

"ಡಬ್ಬ ಇಳಿಸಿ ಕೊಡ್ಲೇನೇ? ಎಲ್ಲಿ ಓರೆ ಆಯ್ತು ನೋಡ್ಕೋ," ಎಂದರು ಅತ್ತಿಗೆ.

"ಬೇಡಮ್ಮ. ಅಲ್ಲೇ ಇರ್ಲಿ. ಈಗ ನೋಡಿದ್ರೆ ನನಗೆ ಊಟ ಸೇರಲ್ಲ."

ಯಲಹಂಕ ನ್ಯೂಟೌನಿನ ಅಣ್ಣನ ಆಫೀಸಿನಲ್ಲಿ ಅವಳು ಸಿಮೆಂಟು, ಜಲ್ಲಿ, ಬಾಡಿಗೆಯ ಲೆಕ್ಕ ಎಲ್ಲವನ್ನೂ ವಾರದಲ್ಲಿ ಸರಿಮಾಡಿಬಿಟ್ಟಳು. ಅಣ್ಣ ಖುಷಿಯಾಗಬೇಕಿತ್ತು. ಆದರೆ ಒಂದು ದಿನ ಫೈಲು ಎತ್ತಿದರೆ ಹಾಳೆಗಳೆಲ್ಲ ಉದುರಿದವು. ಆಫೀಸಿನಲ್ಲಿದ್ದ ಪೇಪರ್ ಕ್ಲಿಪ್ಪುಗಳೆಲ್ಲ ಸೊಂಟದ ಪಟ್ಟಿಯಾಗಿ ಮೇಸ್ತ್ರಿಯ ಮಗಳ ಸೊಂಟದಲ್ಲಿದ್ದವು. ಮರುದಿನ ಕಂಬಿ ಕಟ್ಟುವ ತಂತಿ ಕಾಣೆ. ಕಾವಲುಗಾರನ ಹೆಂಡತಿಯ ಕಿವಿಯಲ್ಲಿ ಜುಮುಕಿ. ಮೂರನೆಯ ದಿನ ಸೈಟಿನ ಹೆಣ್ಣಾಳುಗಳೆಲ್ಲ ಮಹಾರಾಣಿಯರಂತೆ ಇಟ್ಟಿಗೆ ಹೊರುತ್ತಿದ್ದರು ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ.

"ಇದೇನಮ್ಮ?" ಎಂದ ಅಣ್ಣ.

"ಲೆಕ್ಕ ಮುಗಿದಿತ್ತು. ಕೈ ಖಾಲಿ ಇತ್ತು."

ಮನೆಯಲ್ಲಿ ಶ್ರಾವಣವೆಂದು ಮಾಂಸವಿಲ್ಲ, ಜಗಳವೆಂದು ಮಾತಿಲ್ಲ. ಎರಡೂ ಇಲ್ಲದ ಊಟ ಊಟವೇ? ನಮ್ಮಪ್ಪ ಅಣ್ಣನ ಜೊತೆ ಕೂತು ಉಣ್ಣುವುದನ್ನು ಬಿಟ್ಟು, ತಟ್ಟೆ ಹಿಡಿದು ಜಗಲಿಗೆ ಹೋಗುತ್ತಿದ್ದ. ಅವ್ವ ಮಗನ ಮುದ್ದೆಯನ್ನು ಬೇಕೆಂದೇ ಗಟ್ಟಿಯಾಗಿ ಕಟ್ಟುತ್ತಿದ್ದಳು. ಅದನ್ನು ಎಸೆದರೆ ಗೋಡೆ ಬೀಳುತ್ತಿತ್ತು. ಟೀ ಕಂಪನಿಯವರು ಫೋನು ಮಾಡಿ ಗೌರಿ ಹಬ್ಬದ ಮಾರನೆಯ ವಾರ ಬರುತ್ತೇವೆಂದರು. ಅಣ್ಣ ಆಗಲಿ ಎಂದ. ಆಮೇಲೆ ಸುಮ್ಮನೆ ಕೆಳಗಿಳಿದು ಹೋಗಿ, ಮಳಿಗೆಯ ಶಟರ್ ಎತ್ತಿ ನೋಡಿ, ಮತ್ತೆ ಇಳಿಸಿ ಬಂದ. ಬೀಗದ ಕೈ ಅಂದಿನಿಂದ ಅವನ ಜೇಬಿನಲ್ಲೇ.

ನಾನು ನಯನಾಳನ್ನು ಕೇಳಿದೆ. "ಹಂಗಾದ್ರೆ ಮುಗೀತಾ?"

"ಏನ್ ಮುಗಿಯೋದು ಚಿಕ್ಕಪ್ಪ? ಈ ಸಲ ಓರೆ ಆಯ್ತು. ಮುಂದಿನ ಸಲ ನೆಟ್ಟಗೆ ಮಾಡ್ತೀನಿ. ಮಳಿಗೆ ಹೋದ್ರೆ ಪಂಪ್ ರೂಮಿದೆ. ಪಂಪ್ ರೂಮ್ ಹೋದ್ರೆ ನಿನ್ ಟ್ಯಾಂಕರ್ ಇದೆಯಲ್ಲ."

ಶ್ರಾವಣದ ಕೊನೆಯಲ್ಲಿ ಬಾಗಲಗುಂಟೆಯಲ್ಲಿ ಮದುವೆ. ಅವ್ವನ ಸ್ವಂತ ತಂಗಿ ಮುನಿಯಲ್ಲಮ್ಮನ ಮೊಮ್ಮಗ ಗೋಕುಲನದು. ಹಿಂದಿನ ದಿನವೇ ಅಣ್ಣ ಲಾಕರಿನಿಂದ ಅಡ್ಡಿಕೆ ತಂದಿದ್ದ. ಬೆಳಿಗ್ಗೆ ಎಲ್ಲರೂ ರೇಷ್ಮೆಯಲ್ಲಿ ಸಿದ್ಧರಾದರು. ನನ್ನ ಬಿಳಿ ಪಂಚೆಯ ಹೊಳಪಿಗೆ ಹೆದ್ದಾರಿಯ ಲಾರಿಗಳು ಹೆಡ್‌ಲೈಟ್ ಆರಿಸಿದವು. ಅತ್ತಿಗೆ ಅವ್ವನ ಕತ್ತಿಗೆ ಅಡ್ಡಿಕೆ ಹಾಕಿದರು. ಅವ್ವ ರೂಢಿಯ ಹಾಗೆ ಸೆರಗಿನೊಳಗೆ ಕೈ ತೂರಿಸಿ ಕತ್ತು ಕೆರೆಯಲು ಹೋದವಳು ಅಲ್ಲೇ ನಿಂತಳು.

"ಚುಚ್ತಾ ಇಲ್ವಲ್ಲ."

"ಒಳ್ಳೇದಾಯ್ತು ಬಿಡು, ಟೈಮಾಯ್ತು," ಎಂದ ಅಣ್ಣ.

"ಒಳ್ಳೇದಲ್ಲ ಕಣೋ. ಮದ್ವೆ ಆದಾಗಿಂದ ಚುಚ್ಚೈತೆ. ಇದು ನಂದಲ್ಲ."

"ಅವ್ವ, ನಾನೇ ಲಾಕರಲ್ಲಿ ಇಟ್ಟು, ನಾನೇ ತಂದಿದೀನಿ. ನಿಂದಲ್ದೆ ಇನ್ಯಾರ್ದು?"

"ನನ್ ಕತ್ತಿಗೆ ಗೊತ್ತಾಗಕಿಲ್ವಾ? ನಂದಲ್ಲ ಅಂದ್ರೆ ನಂದಲ್ಲ."

ಅಣ್ಣನ ಮುಖದ ಬಣ್ಣ ಇಳಿಯಿತು. ಮೊದಲು ಬ್ಯಾಂಕಿನವರನ್ನು ಬೈದ. ಆಮೇಲೆ 'ಪೊಲೀಸ್' ಎಂದ, 'ಲಾಯರ್' ಎಂದ, ಯಾರಿಗೋ ಫೋನು ಮಾಡಿ, ಅವರು ಎತ್ತಿದ ಮೇಲೆ ಏನು ಹೇಳಬೇಕೆಂದು ತಿಳಿಯದೆ ಇಟ್ಟ. ಅಷ್ಟು ಹೊತ್ತಿಗೆ ನಮ್ಮಪ್ಪ ಕೋಲೂರಿಕೊಂಡು ಅವ್ವನ ಹಿಂದೆ ಬಂದ. ಅವನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ. ಹೆಬ್ಬೆರಳಿನಿಂದ ಅಡ್ಡಿಕೆಯ ಹಿಂಬದಿಯನ್ನು ನಿಧಾನವಾಗಿ ಸವರಿದ, ಇನ್ನೊಮ್ಮೆ ಸವರಿದ.

"ಇದು ನನ್ ಗಂಟು," ಎಂದ.

ಹೆಬ್ಬೆರಳು ಗಂಟಿನ ಮೇಲೇ ಇತ್ತು.

"ತುದಿ ಒಳಗೈತೆ. ದ್ರಾಕ್ಷಿ ತೋಟದ ಗಂಟು. ಇದನ್ನ ನಾನು ಕಲ್ಸಿದ್ದು ಒಬ್ಬಳಿಗೇ."

ನಯನಾ ಹತ್ತಿರ ಬಂದು ನೋಡಿದಳು. ಬೆರಳಿನಿಂದ ಪದಕ ಎತ್ತಿ ನೋಡಿದಳು. "ಅಪ್ಪ, ಇದು ನಂದು."

"ನಿಂದು ಹೆಂಗಾಗುತ್ತೆ? ನಿಂದು ಓರೆ ಇತ್ತು. ಮಂಕಾಗಿತ್ತು. ನಾನೇ ನೋಡಿ..." ಅಣ್ಣನ ಕಣ್ಣು ನನ್ನ ಕಡೆ ತಿರುಗಿತು. ನಾನು ಫ್ಯಾನು ನೋಡುತ್ತಿದ್ದೆ.

"ರೀ," ಎಂದರು ಅತ್ತಿಗೆ ಮೆಲ್ಲಗೆ. "ಅವತ್ತು ಡಬ್ಬದಲ್ಲಿ ಮೇಲಿಟ್ಟಿದ್ದನ್ನ ನೀವೇನಾದ್ರೂ ತೆಗೆದ್ರಾ?"

"ತೆಗೆದು ಸರಿಯಾಗಿ ಇಟ್ಟೆ."

"ಸರಿಯಾಗಿ ಅಂದ್ರೆ?"

ಅಣ್ಣ ತಲೆ ಎತ್ತಿ ಅಟ್ಟದ ಕಡೆ ನೋಡಿದ.

"ಹಂಗಾದ್ರೆ ಅತ್ತೆ ಅಡ್ಡಿಕೆ ಇಷ್ಟು ದಿನದಿಂದ ಅಟ್ಟದ ಮೇಲೆ, ಪ್ಲಾಸ್ಟಿಕ್ ದ್ರಾಕ್ಷಿ ಜೊತೆ ಇದೆ."

ಅಟ್ಟ ಹತ್ತಿದವನು ನಾನು. ಹಿಮಾಲಯ ಹತ್ತುವವರಿಗೆ ಆಮ್ಲಜನಕ ಕೊಡುತ್ತಾರೆ. ನನಗೆ ಒಂದು ಬ್ಯಾಟರಿಯೂ ಕೊಡಲಿಲ್ಲ. ಇಲಿಗಳ ಸೈನ್ಯವನ್ನು ಬರಿಗೈಯಲ್ಲಿ ಚದುರಿಸಿ ಡಬ್ಬ ಇಳಿಸಿದೆ. ಮುಚ್ಚಳ ತೆಗೆದರೆ ಗೊಂಚಲುಗಳ ಮೇಲೆ ಅವ್ವನ ಅಡ್ಡಿಕೆ ಆರಾಮವಾಗಿ ಮಲಗಿತ್ತು. ಅಣ್ಣ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡ. ಅವ್ವ ಅವನನ್ನೇ ನೋಡುತ್ತಿದ್ದಳು.

"ಅಲ್ಲ ಕಣೋ, ನಮ್ಮತ್ತೆ ಕೊಟ್ಟ ಅಡ್ಡಿಕೆ ಓರೆ ಅಂದ್ಯಾ?"

"ಅದು ಹಂಗಲ್ಲವ್ವ..."

"ಮಂಕು ಅಂದೆ. ಕೈ ಪಳಗಿಲ್ಲ ಅಂದೆ. ನನ್ ಕಣ್ಣಿಗೆ ಪೊರೆ ಅಂದೆ."

"ಬೆಳಕು ಸರಿ ಇರ್ಲಿಲ್ಲ."

"ಕಿಟಕಿ ಬೆಳಕಿಗೇ ಹಿಡಿದು ನೋಡಿದ್ಯಲ್ಲ ಅಣ್ಣ," ಎಂದೆ ನಾನು. ಈ ಸಲ ಬಾಯಲ್ಲಿ ಏನೂ ಇರಲಿಲ್ಲ.

ನಯನಾ ಗೆದ್ದೆ ಎನ್ನಲಿಲ್ಲ, ಮಳಿಗೆ ಎನ್ನಲಿಲ್ಲ. ಹಳೆಯ ಅಡ್ಡಿಕೆಯನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಒಂದು ಕಲ್ಲನ್ನು ಉಗುರಿನಿಂದ ಮುಟ್ಟಿ, "ಹೌದು, ಇದು ಸ್ವಲ್ಪ ಓರೆ ಇದೆ. ನಾನು ಮಾಡೋವಾಗ ನೆಟ್ಟಗೆ ಕೂರಿಸ್ದೆ," ಎಂದಳು ಅಷ್ಟೆ. ಅಣ್ಣನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

"ಕೊಡವ್ವ ಇತ್ಲಾಗೆ, ಬದಲಾಯಿಸ್ಕೋ, ಹೊರಡೋಣ," ಎಂದು ಅವನು ಹಳೆಯದನ್ನು ಮಗಳ ಕೈಯಿಂದ ಇಸಿದುಕೊಂಡು ಚಾಚಿದ.

"ನಾನು ಇದನ್ನೇ ಆಕ್ಕೊಂಡು ಬರೋದು."

"ಮದುವೆ ಮನೆಗೆ? ಅವ್ವ, ಅದು ಬೆಳ್ಳಿ ಕಣವ್ವ."

"ನೀನು ಚಿನ್ನ ಅಂದೆ. ಏರ್‌ಪೋರ್ಟ್ ರೋಡಿಗೆಲ್ಲ ದೊಡ್ಡ ಕಣ್ಣು ನಿಂದು. ನಾನು ನಂಬಿದೀನಿ. ನಡಿ."

ಕಾರು ಓಡಿಸಿದವನು ಅಣ್ಣ. ಯಲಹಂಕ ದಾಟಿತು, ಜಾಲಹಳ್ಳಿ ದಾಟಿತು, ಅಡ್ಡ ಬಂದ ಆಟೋದವನನ್ನೂ ಬೈಯಲಿಲ್ಲ. ಅವನಿಗೆ ಜ್ವರವಿರಬೇಕೆಂದು ಅತ್ತಿಗೆ ಹಣೆ ಮುಟ್ಟಿ ನೋಡಿದರು.

ಬಾಗಲಗುಂಟೆಯ ಮದುವೆಯ ಊಟ ಹೇಗಿತ್ತೆಂದರೆ, ಎಲೆಯ ಈ ತುದಿಯಲ್ಲಿ ಶುರುಮಾಡಿದವರು ಆ ತುದಿ ಮುಟ್ಟುವಷ್ಟರಲ್ಲಿ ಹುಡುಗ ಹುಡುಗಿಗೆ ಮಗುವಾಗಿರುತ್ತಿತ್ತು. ನಮ್ಮ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಕೂತಿದ್ದೆವು: ನಮ್ಮಪ್ಪ, ಅಣ್ಣ, ನಾನು, ಅವ್ವ, ನಯನಾ, ಅತ್ತಿಗೆ. ಮುನಿಯಲ್ಲಮ್ಮ ಚಿಕ್ಕಮ್ಮ ಎಲ್ಲರನ್ನೂ ಮಾತಾಡಿಸಿಕೊಂಡು ಬಂದವಳು ಅವ್ವನ ಮುಂದೆ ನಿಂತಳು.

"ಏನಕ್ಕ, ಬೆಳಗ್ಗಿಂದ ನೋಡ್ತಾ ಇವ್ನಿ, ಒಂದ್ ಸಲಾನೂ ಕತ್ತು ಕೆರ್ಕೊಂಡಿಲ್ಲ. ಅಡ್ಡಿಕೆ ಕೊಕ್ಕೆ ಬದಲಾಯಿಸ್ದ್ಯಾ?"

"ಅಡ್ಡಿಕೇನೇ ಬದಲಾಯಿಸ್ದೆ. ಇದು ಬೆಳ್ಳೀದು. ಚುಚ್ಚಲ್ಲ."

ಚಿಕ್ಕಮ್ಮ ಬಗ್ಗಿ ನೋಡಿದಳು. ಪಕ್ಕದ ಎಲೆಯವರು ನೋಡಿದರು. ಎದುರು ಸಾಲಿನವರು ಎದ್ದು ಬಂದು ನೋಡಿದರು. ಬಡಿಸುವವನು ಪಾಯಸದ ಬಕೆಟ್ಟು ಹಿಡಿದುಕೊಂಡೇ ನಿಂತುಬಿಟ್ಟ.

"ನನ್ ಕಾಸಿನ ಸರಾನೂ ನಿನ್ ಹಳೇದ್ರಂಗೇ ಚುಚ್ತದೆ," ಎಂದಳು ಚಿಕ್ಕಮ್ಮ. "ನಮ್ ಸೊಸೇದೂ ಅಂಗೇ. ಯಾರ್ ಮಾಡಿದ್ದು ಇದು? ಅಂಗಡಿ ಎಲ್ಲೈತೆ?"

ಅವ್ವ ಪಾಯಸ ಸುರಿದುಕೊಂಡಳು. ನಮ್ಮಪ್ಪ ಹಪ್ಪಳ ಮುರಿದ. ಅತ್ತಿಗೆ ಎಲೆ ನೋಡಿದರು. ನಯನಾ ನೇರವಾಗಿ ಅಪ್ಪನನ್ನೇ ನೋಡಿದಳು. ಆ ಮೌನ ಎಷ್ಟು ದೊಡ್ಡದಿತ್ತೆಂದರೆ ಓಲಗದವರು ಕೂಡ ಒಂದು ಕ್ಷಣ ನಿಲ್ಲಿಸಿದರು.

ಅಣ್ಣ ಬಾಯಲ್ಲಿದ್ದದ್ದನ್ನು ನುಂಗಿ ಗಂಟಲು ಸರಿಮಾಡಿಕೊಂಡ. ಆಮೇಲೆ ತನ್ನ ಮಾಮೂಲಿ ದನಿಯಲ್ಲಿ, ಇಡೀ ಛತ್ರಕ್ಕೆ ಕೇಳುವಂತೆ ಹೇಳಿದ.

"ಚಿಕ್ಕಜಾಲದಲ್ಲಿ ಚಿಕ್ಕಮ್ಮ. ನಮ್ಮನೆ ಕೆಳಗಡೆ ಮೂಲೆ ಮಳಿಗೆ. ನನ್ ಮಗಳದ್ದು."

"ಯಾವಾಗ ತೆಗೆದಿರ್ತದಪ್ಪ?"

"ಅವಳನ್ನೇ ಕೇಳು. ಬೀಗದ ಕೈ ಅವಳ ಹತ್ರ ಇರೋದು."

ನಾನು ಬದುಕಿನಲ್ಲಿ ಆಡಿದ ಮಾತುಗಳನ್ನೆಲ್ಲ ಒಂದು ಕಡೆ ಇಟ್ಟರೂ ಇಷ್ಟು ಸಲೀಸಾದ ಸುಳ್ಳು ಅದರಲ್ಲಿ ಸಿಗುವುದಿಲ್ಲ. ಬೀಗದ ಕೈ ಅವನ ಪ್ಯಾಂಟಿನ ಜೇಬಿನಲ್ಲಿತ್ತು. ಚಿಕ್ಕಮ್ಮ ಅತ್ತ ತಿರುಗಿದ್ದೇ ತಡ, ಅವನು ಎಡಗೈಯಲ್ಲಿ ಅದನ್ನು ತೆಗೆದು, ಊಟದ ಮೇಜಿನ ಕೆಳಗಿನಿಂದ ನನ್ನ ತೊಡೆಗೆ ಚುಚ್ಚಿದ. ನಾನು ಅವ್ವನಿಗೆ ದಾಟಿಸಿದೆ. ಅವ್ವ ಮೊಮ್ಮಗಳ ಕಡೆ ಚಾಚಿದಳು. ನಯನಾಳ ಬಲಗೈಯೆಲ್ಲ ಪಾಯಸ. ಅವಳು ಎಡಗೈ ಮುಂದೆ ಮಾಡಿದಳು.

"ಎಡಗೈಲಿ ಇಸ್ಕೋಬ್ಯಾಡ ಮಗ," ಎಂದ ನಮ್ಮಪ್ಪ, ಆ ತುದಿಯಿಂದ.

ಅವಳು ಸೆರಗೊಡ್ಡಿದಳು. ಬೀಗದ ಕೈ ಅದರೊಳಗೆ ಬಿತ್ತು. ತುದಿಯನ್ನು ಒಳಗೆ ಮಡಚಿ, ಗಂಟು ಹಾಕಿಕೊಂಡಳು.